ಮಹಾಸೌಧಗಳಲ್ಲಿ ಲಿಫ್ಟುಗಳ ಏರ್ಪಾಡು

ಲಿಫ್ಟಿಗಾಗಿ ಕಾದು ನಿಂತಾಗ, ಇನ್ನೆರಡು ಲಿಫ್ಟುಗಳಿದ್ದರೆ ಚೆನ್ನಾಗಿತ್ತೆಂದು ನಮಗೆ ತೋರುವುದು ಸಹಜ. ಆದರೆ ಒಂದೊಂದು ಲಿಫ್ಟಿಗೂ ತಳದಿಂದ ತುದಿಯವರೆಗೆ ಬಾವಿಯಂತಹ ದಾರಿಯೊಂದು ಬೇಕು. ಅದು ಪ್ರತಿಯೊಂದು ಅಂತಸ್ತಿನಲ್ಲಿಯೂ ಸಣ್ಣ ಕೋಣೆಯಷ್ಟು ನೆಲವನ್ನು ನುಂಗುತ್ತದೆ. ಅಂತಸ್ತುಗಳು ಹೆಚ್ಚಿದಷ್ಟೂ ಜನ ಹೆಚ್ಚು, ಜನ ಹೆಚ್ಚಿದಷ್ಟೂ ಬಾವಿಗಳು ಹೆಚ್ಚು. ಹೀಗೆಯೇ ಬೆಳೆಸುತ್ತ ಹೋದರೆ ಸೌಧವು ಲಿಫ್ಟುಗಳಿಗೇ ಮನೆಯಾದೀತು!

ಆದುದರಿಂದ ಯೋಜಕರು ಮೊದಲು ಎಣಿಸುವುದು ಬೆಳಗಿನ ನೂಕುನುಗ್ಗಲನ್ನು. ಅತ್ಯಂತ ದಟ್ಟಣೆಯ 5 ನಿಮಿಷಗಳಲ್ಲಿ ಎಷ್ಟು ಜನರನ್ನು ಮೇಲಕ್ಕೆ ಒಯ್ಯಬೇಕು? ಲಿಫ್ಟೊಂದು ಹೋಗಿ ಬರಲು ಎಷ್ಟು ಹೊತ್ತು? ಬಾರಿ ಬಾರಿಗೂ ನಿಲ್ಲುವುದರಿಂದಲೇ ಬಹಳ ಹೊತ್ತು ಕಳೆಯುವುದು. ಅದಕ್ಕಾಗಿ ಕೆಲವು ಲಿಫ್ಟುಗಳನ್ನು ಕೆಳಗಿನ ಅಂತಸ್ತುಗಳಿಗೂ ಕೆಲವನ್ನು ಮೇಲಿನವಕ್ಕೂ ಹಂಚುವುದು ರೂಢಿ.

2001ರಲ್ಲಿ ನಾಶವಾದ ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರಿನ ಅವಳಿ ಗೋಪುರಗಳಿಗೆ 110 ಅಂತಸ್ತುಗಳು. ಅಲ್ಲಿ ಈ ಹಂಚಿಕೆಯೂ ಸಾಲದಾಯಿತು. ಆಗ ರೈಲಿನ ಉಪಾಯವೇ ನೆರವಾಯಿತು. 44 ಮತ್ತು 78ನೆಯ ಅಂತಸ್ತುಗಳು ಜಂಕ್ಷನ್ನುಗಳಾದುವು. ದೊಡ್ಡ ಲಿಫ್ಟು ಎಕ್ಸ್‌ಪ್ರೆಸ್ ಗಾಡಿಯಂತೆ ನೇರವಾಗಿ ಅಲ್ಲಿಗೆ ಒಯ್ಯುವುದು. ಮುಂದಕ್ಕೆ ಪ್ಯಾಸೆಂಜರ್ ಗಾಡಿಯಂತೆ ಸಣ್ಣ ಲಿಫ್ಟು. ಈ ಸಣ್ಣ ಲಿಫ್ಟುಗಳ ಬಾವಿಗಳನ್ನು ಒಂದರ ಮೇಲೊಂದರಂತೆ ಇರಿಸಿದುದರಿಂದ ನೆಲವು ಉಳಿಯಿತು.

ಉಳಿದ ನೆಲದ ಲಾಭ ಯಜಮಾನನಿಗೆ. ನಡುವೆ ಇಳಿದು ಹತ್ತುವ ತೊಂದರೆ ಜನರಿಗೆ. ಒಬ್ಬನ ನೆಲವನ್ನೂ ಇನ್ನೊಬ್ಬನ ವೇಳೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೇ ಈ ಯೋಜನೆಯ ಮರ್ಮವೆಂದು ನಾವು ತಿಳಿಯಬಹುದು.