ಉತ್ತರದಲ್ಲಿ ‘ಇ’ ಕಂಡರೆ ಅಳಿಸಬೇಡಿ

ಹೊನ್ನಾವರದಲ್ಲಿ ಕಡಲು ಸೇರುವ ಶರಾವತಿಗೆ ಮೇಲೆ ಲಿಂಗನಮಕ್ಕಿಯ ತಡೆಯಿದೆ. ಜಲಾಶಯ ತುಂಬಿದರೆ ಸುಮಾರು 151 ಟಿಎಂಸಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, 10⁹. ಒಂದು ಘನ ಅಡಿಗೆ 28.3 ಲೀಟರ್. ಗುಣಿಸಿದರೆ ಕೆಲವು ಮೊಬೈಲುಗಳು 4.2733 ಇ 12 ಎನ್ನುತ್ತವೆ.

‘ಇ ಬಂತು, ಎರರ್’ ಎಂದು ಅಳಿಸಿಬಿಡುವವರೇ ಹೆಚ್ಚು. ಈ ನಂಬಿಕೆ ಸುಮ್ಮನೆ ಹುಟ್ಟಿದ್ದೇನಲ್ಲ. ಭಟ್ಕಳ ಪೇಟೆಯ ಯಾವುದಾದರೂ ಅಂಗಡಿಯ ಹನ್ನೆರಡು ಅಂಕಿಯ ಕ್ಯಾಲ್ಕುಲೇಟರಿನಲ್ಲಿ ಇದೇ ಲೆಕ್ಕ ಮಾಡಿ: ಉತ್ತರಕ್ಕೆ ಹದಿಮೂರು ಅಂಕಿ ಬೇಕು, ಪರದೆಯಲ್ಲಿ ಜಾಗವಿಲ್ಲ, ಮೂಲೆಯಲ್ಲಿ ‘ಇ’ ಕಾಣುತ್ತದೆ. ಅಲ್ಲಿ ಅದು ನಿಜಕ್ಕೂ ಎರರ್. ಎರಡು ಸಂಖ್ಯೆಗಳ ನಡುವೆ ಕೂತ ‘ಇ’ಯ ಕತೆ ಬೇರೆ. ‘ಗುಣಿಸು, ಹತ್ತರ ಘಾತ ಇಷ್ಟು’ ಎಂದಷ್ಟೇ ಅದರ ಅರ್ಥ. 10¹² ನಮ್ಮ ಲೆಕ್ಕದಲ್ಲಿ ಒಂದು ಲಕ್ಷ ಕೋಟಿ. ಹಾಗಾಗಿ ನೀರು 4.27 ಲಕ್ಷ ಕೋಟಿ ಲೀಟರ್.

ಹಳೆಯ ಸೈಂಟಿಫಿಕ್ ಕ್ಯಾಲ್ಕುಲೇಟರುಗಳು ‘ಇ’ಯನ್ನೂ ತೋರಿಸದೆ 4.2733ರ ಪಕ್ಕ ಮೇಲ್ಗಡೆ ಪುಟ್ಟ 12 ಇಡುತ್ತಿದ್ದವು. ಅದನ್ನೇ 4.2733¹² ಎಂದು ಓದಿದರೆ ಇಡೀ ಜಲಾಶಯ 3.7 ಕೋಟಿ ಲೀಟರಿಗೆ ಇಳಿಯುತ್ತದೆ!

ಇನ್ನು ಇ-ಎಕ್ಸ್-ಪಿ ಕೀ. ಇದು ಘಾತಕ್ಕೇರಿಸುವ ಕೀ ಎಂಬುದು ಎರಡನೆಯ ತಪ್ಪು. 2, ಇ-ಎಕ್ಸ್-ಪಿ, 3 ಒತ್ತಿದರೆ ಬರುವುದು 8 ಅಲ್ಲ, 2000. ‘ಗುಣಿಸು ಹತ್ತು’ ಆ ಕೀಯೊಳಗೇ ಇದೆ. ಅದು ಗೊತ್ತಿಲ್ಲದೆ 151 × 10 ಎಂದು ಒತ್ತಿ, ಆಮೇಲೆ ಇ-ಎಕ್ಸ್-ಪಿ 9 ಒತ್ತಿದರೆ ಒಂದು ಸೊನ್ನೆ ಹೆಚ್ಚಾಗಿ ಹತ್ತು ಲಿಂಗನಮಕ್ಕಿಯ ನೀರು ಬರುತ್ತದೆ. ಕ್ಯಾಲ್ಕುಲೇಟರ್ ಚಕಾರ ಎತ್ತುವುದಿಲ್ಲ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಅಪಾಯದ ತಪ್ಪು ಇದೇ.

ಭಾಗಿಸುವಾಗ ಮಾತ್ರ ಈ ಕೀಯೇ ಕಾಪಾಡುತ್ತದೆ. ಲೀಟರನ್ನು ಟಿಎಂಸಿಗೆ ತಿರುಗಿಸಲು 2.83 × 10¹⁰ರಿಂದ ಭಾಗಿಸಬೇಕು. ಆವರಣ ಹಾಕದೆ ಬಿಡಿಬಿಡಿಯಾಗಿ ಒತ್ತಿದರೆ ಯಂತ್ರ 2.83ರಿಂದ ಭಾಗಿಸಿ, ಬಂದದ್ದನ್ನು 10¹⁰ರಿಂದ ಗುಣಿಸಿಬಿಡುತ್ತದೆ. ಇ-ಎಕ್ಸ್-ಪಿ ಒತ್ತಿದರೆ ಅದು ಒಂದೇ ಸಂಖ್ಯೆ, ಉತ್ತರ 151.

ಘಾತದಲ್ಲಿ ಮೈನಸ್ ಕಂಡರೆ ಸಂಖ್ಯೆಯೇ ಋಣ ಎನ್ನುವವರಿಗೆ ಕುಮಟಾದ ಕಡೆಯ, ಅಘನಾಶಿನಿ ದಡದ ಗಜನಿ ಗದ್ದೆಯ ಕೆಸರು ಸಾಕು. ಜೇಡಿಮಣ್ಣಿನ ಕಣದ ಅಗಲ ಎರಡು ಮೈಕ್ರೋಮೀಟರಿಗಿಂತ ಕಡಿಮೆ. 2 ಇ -6 ಮೀಟರ್, ಅಂದರೆ 0.000002. ಕಣ ಚಿಕ್ಕದು, ಅಷ್ಟೇ. ಒತ್ತುವಾಗ ಇ-ಎಕ್ಸ್-ಪಿ ಆದಮೇಲೆ, ಆವರಣದೊಳಗೆ ಮೈನಸ್ ಬರೆದ ಕೀ ಇದ್ದರೆ ಅದನ್ನೇ ಬಳಸಿ.