ಋಣಭಾರವೂ ವಿಶ್ವಾಸಾರ್ಹತೆಯೂ

ಹೈದರಾಬಾದು ನಗರದ ಪಶ್ಚಿಮಕ್ಕಿರುವ ಗಚ್ಚಿಬೌಲಿಯು ಇಂದು ಸಾಫ್ಟ್‌ವೇರ್ ಮತ್ತು ಹಣಕಾಸು ಸಂಸ್ಥೆಗಳ ಕೇಂದ್ರವಾಗಿದೆ. ಕ್ಷಿಪಣಿಗಳನ್ನು ತಯಾರಿಸುವ ಭಾರತ್ ಡೈನಾಮಿಕ್ಸ್ ಸಂಸ್ಥೆಯ ಪ್ರಧಾನ ಕಾರ್ಯಾಲಯವೂ ಅಲ್ಲಿಯೇ ಇದೆ. ಬೀದರ, ಕಲಬುರಗಿ, ರಾಯಚೂರುಗಳಿಂದ ಉದ್ಯೋಗವನ್ನರಸಿ ಬರುವ ಕನ್ನಡ ತರುಣರಿಗೆ ಇಂಥ ಎಡೆಗಳಲ್ಲಿ ಎರಡು ಬಗೆಯ ಹೊಣೆ ಒದಗಬಹುದು: ರಾಷ್ಟ್ರದ ರಹಸ್ಯವನ್ನು ಕಾಯುವುದೊಂದು, ಪರರ ಹಣವನ್ನು ಕಾಯುವುದೊಂದು. ಒಬ್ಬನ ತೀರದ ಸ್ವಂತ ಸಾಲಕ್ಕೂ ಈ ಹೊಣೆಗೂ ಇರುವ ಸಂಬಂಧವೇನೆಂಬುದು ವಿಚಾರಾರ್ಹವಾದ ಪ್ರಶ್ನೆಯಾಗಿದೆ.

ಪ್ರಶ್ನೆಯೇನೂ ಹೊಸದಲ್ಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಅಮಾತ್ಯರನ್ನು ಧರ್ಮ, ಅರ್ಥ, ಕಾಮ, ಭಯವೆಂಬ ನಾಲ್ಕು ಉಪಧೆಗಳಿಂದ, ಎಂದರೆ ಗುಪ್ತ ಪರೀಕ್ಷೆಗಳಿಂದ, ಶೋಧಿಸುವ ಕ್ರಮವು ಉಕ್ತವಾಗಿದೆ. ಅರ್ಥೋಪಧೆಯಲ್ಲಿ ಶುದ್ಧನೆನಿಸಿದವನು ಕಂದಾಯ, ಭಂಡಾರಗಳ ಅಧಿಕಾರಕ್ಕೆ ಯೋಗ್ಯನು. ಅಲ್ಲಿ ಪರೀಕ್ಷೆಗೊಳಗಾಗುತ್ತಿದ್ದುದು ಲೋಭ. ಆಧುನಿಕ ಸರಕಾರಗಳು ಲೋಭದೊಡನೆ ಇಕ್ಕಟ್ಟನ್ನೂ ಗಣಿಸುತ್ತವೆ. ಅಮೆರಿಕದ ಗೂಢಚರ್ಯೆ ಇಲಾಖೆಯ ಆಲ್ಡ್ರಿಚ್ ಏಮ್ಸ್ ಸಾಲದ ಒತ್ತಡಕ್ಕೆ ಸಿಲುಕಿ 1985ರಲ್ಲಿ ಸೋವಿಯತ್ ಒಕ್ಕೂಟಕ್ಕೆ ರಹಸ್ಯಗಳನ್ನು ಮಾರತೊಡಗಿ, 1994ರಲ್ಲಿ ಸೆರೆಯಾದುದು ಇದಕ್ಕೆ ಪ್ರಸಿದ್ಧ ನಿದರ್ಶನ.

ಅಮೆರಿಕದಲ್ಲಿ 2017ರಿಂದ ಜಾರಿಯಲ್ಲಿರುವ ಭದ್ರತಾ ಅನುಮತಿಯ ಸೂತ್ರಗಳಲ್ಲಿ ಹಣಕಾಸಿನ ನಡತೆಗೆ ಪ್ರತ್ಯೇಕ ಪ್ರಕರಣವೇ ಉಂಟು. ಅಲ್ಲಿಯ ಪೌರತ್ವ ಪಡೆದು ರಕ್ಷಣಾ ಉದ್ಯಮಗಳಲ್ಲಿ ದುಡಿಯಬಯಸುವ ಕನ್ನಡಿಗರಿಗೂ ಇದು ಅನ್ವಯಿಸುತ್ತದೆ. ತೀರಿಸಲಾಗದ ಸಾಲ, ಶಕ್ತಿಯಿದ್ದೂ ತೀರಿಸದ ಸಾಲ, ಮೋಸದ ವ್ಯವಹಾರ, ಇವು ಪ್ರತಿಕೂಲ ಸಂಗತಿಗಳು. ಆದರೆ ಕೆಲಸ ಹೋದುದರಿಂದಲೋ ಕಾಯಿಲೆಯಿಂದಲೋ ಸಾಲವುಂಟಾಗಿ, ಋಣಿಯು ಹೊಣೆಯರಿತು ನಡೆದಿದ್ದರೆ, ಪ್ರಾಮಾಣಿಕವಾಗಿ ಕಂತು ಕಟ್ಟುತ್ತಿದ್ದರೆ, ಅದು ಅವನ ಪರವಾಗಿ ಪರಿಗಣಿತವಾಗುತ್ತದೆ.

ಭಾರತದ ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳು 1964ರವು. ಅವುಗಳ 17ನೆಯ ನಿಯಮದಂತೆ ನೌಕರನು ಸದಾ ಸಾಲಗಾರನಾಗಿರುವುದನ್ನೂ ದಿವಾಳಿತನವನ್ನೂ ತಪ್ಪಿಸಿಕೊಳ್ಳತಕ್ಕದ್ದು. ಸಾಲದ ವಸೂಲಿಗಾಗಿ ತನ್ನ ಮೇಲೆ ದಾವೆ ಹೂಡಲ್ಪಟ್ಟರೆ ಪೂರ್ಣ ಸಂಗತಿಯನ್ನು ಕೂಡಲೇ ಸರಕಾರಕ್ಕೆ ವರದಿ ಮಾಡತಕ್ಕದ್ದು. ಸಾಲವು ದುಂದುವೆಚ್ಚದಿಂದಲ್ಲ, ತನ್ನ ಕೈಮೀರಿದ ಕಾರಣದಿಂದ ಬಂದಿತೆಂದು ಸಾಧಿಸುವ ಭಾರವೂ ನೌಕರನದೇ. ಸಾರ್ವಜನಿಕ ಉದ್ದಿಮೆಗಳಿಗಾಗಿ 1974ರಲ್ಲಿ ರಚಿತವಾದ ಮಾದರಿ ನಿಯಮಗಳಲ್ಲಿಯೂ ಇದೇ ಭಾವವಿದೆ. ಇಲ್ಲಿ ಗಮನಾರ್ಹವಾದುದೇನೆಂದರೆ, ಸಾಲ ಮಾಡುವುದು ಸ್ವತಃ ದೋಷವಲ್ಲ. ಅದರ ಕಾರಣವೂ ಅದನ್ನು ಮುಚ್ಚಿಡುವಿಕೆಯೂ ವಿಚಾರಣೆಗೆ ವಸ್ತು.

ಪರರ ಹಣವನ್ನು ಕಾಯುವ ಬ್ಯಾಂಕಿನ ನೇಮಕಾತಿಯಲ್ಲಿ ಮಾತ್ರ ಕಾರಣಕ್ಕಿಂತ ದಾಖಲೆಗೇ ಹೆಚ್ಚು ಬೆಲೆ. ಸಾಲದ ಕಂತುಗಳಲ್ಲಿ ತಪ್ಪಿದ ದಾಖಲೆಯಿದ್ದ ಅಭ್ಯರ್ಥಿಯೊಬ್ಬನ ನೇಮಕವನ್ನು ಭಾರತೀಯ ಸ್ಟೇಟ್ ಬ್ಯಾಂಕು ರದ್ದುಗೊಳಿಸಿದುದನ್ನು ಮದರಾಸು ಉಚ್ಚ ನ್ಯಾಯಾಲಯವು 2025ರಲ್ಲಿ ಎತ್ತಿಹಿಡಿಯಿತು. ಸಾಲವನ್ನು ಆಮೇಲೆ ತೀರಿಸಿದ್ದೇನೆಂಬ ವಾದವು ನಿಲ್ಲಲಿಲ್ಲ. ಸಾರ್ವಜನಿಕರ ಹಣವನ್ನು ನಿರ್ವಹಿಸುವವನಿಗೆ ಆರ್ಥಿಕ ಶಿಸ್ತು ಅವಶ್ಯವೆಂಬುದು ತೀರ್ಪಿನ ತಾತ್ಪರ್ಯ.

ಹೀಗೆ ಒಂದೇ ಸಾಲವು ಒಂದೆಡೆ ಕ್ಷಮ್ಯವೂ ಇನ್ನೊಂದೆಡೆ ಬಾಧಕವೂ ಆಗಬಹುದು. ವಿದ್ಯಾಭ್ಯಾಸಕ್ಕೆಂದೋ ಹೆತ್ತವರ ಔಷಧೋಪಚಾರಕ್ಕೆಂದೋ ಸಾಲ ಮಾಡಿ, ಊರಿಗೂ ಹಣ ಕಳುಹಿಸಬೇಕಾದ ತರುಣನಿಗೆ ಇದು ಕಠಿಣವೇ ಸರಿ. ಆಸ್ಪತ್ರೆಯ ರಸೀದಿ, ಕೆಲಸ ಹೋದ ಪತ್ರ, ಬ್ಯಾಂಕಿನೊಡನೆ ನಡೆಸಿದ ಲಿಖಿತ ವ್ಯವಹಾರಗಳೇ ಅವನಿಗೆ ಸಾಕ್ಷಿ. ಸಾಲದ ಚರಿತ್ರೆಯನ್ನು ದಾಖಲಿಸುವ ಸಿಬಿಲ್ ಮುಂತಾದ ಕಂಪನಿಗಳಿಂದ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಶುಲ್ಕವಿಲ್ಲದೆ ಪಡೆಯುವ ಹಕ್ಕು 2017ರಿಂದ ಇದೆ. ತಪ್ಪು ನಮೂದಿನ ದೂರು 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರವೂ ಸಲ್ಲುತ್ತದೆ. ಅರ್ಜಿ ಹಾಕುವುದಕ್ಕೆ ಮೊದಲೇ ಈ ವರದಿಯನ್ನು ತರಿಸಿ ನೋಡುವುದು ಯುಕ್ತ.