ಪುರುಷೋತ್ತಮನನ್ನು ಪತ್ತೆ ಮಾಡೋಣ ಬನ್ನಿ

ಮಕ್ಕಳೇ, ಷರ್ಲಾಕ್ ಹೋಮ್ಸ್ ಯಾರೆಂದು ನಿಮಗೆ ಗೊತ್ತು. 1887ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಕಥೆಯೊಂದರಲ್ಲಿ ಹುಟ್ಟಿದ ಪತ್ತೇದಾರ. ಹಾಗಾದರೆ ಪತ್ತೇದಾರ ಪುರುಷೋತ್ತಮ ಯಾರು? ಗೊತ್ತಿಲ್ಲವೇ? ಮನೆಯಲ್ಲಿರುವ ತಾತನನ್ನೋ ಅಜ್ಜಿಯನ್ನೋ ಕೇಳಿ ನೋಡಿ.

ಪುರುಷೋತ್ತಮ ನಮ್ಮ ಕನ್ನಡದ ಪತ್ತೇದಾರ. ಅವನನ್ನು ಸೃಷ್ಟಿಸಿದವರು ಎನ್. ನರಸಿಂಹಯ್ಯನವರು. 1925ರಲ್ಲಿ ಚಿಕ್ಕಮಗಳೂರಿನಲ್ಲಿ ಹುಟ್ಟಿದ ಅವರು ಶಾಲೆಯಲ್ಲಿ ಕಲಿತದ್ದು ನಾಲ್ಕನೇ ತರಗತಿವರೆಗೆ ಮಾತ್ರ. ಹೊಟ್ಟೆಪಾಡಿಗಾಗಿ ಕೂಲಿ ಮಾಡಿದರು, ಬಸ್ ಕಂಡಕ್ಟರ್ ಆದರು. 1952ರಲ್ಲಿ ಪುರುಷೋತ್ತಮನ ಮೊದಲ ಸಾಹಸ ಹೊರಬಂತು. ಅಲ್ಲಿಂದ ಅವರ ಲೇಖನಿ ನಿಲ್ಲಲೇ ಇಲ್ಲ. ಬರೆದ ಕಾದಂಬರಿಗಳು 500ಕ್ಕೂ ಹೆಚ್ಚು! ‘ಭಯಂಕರ ಬೈರಾಗಿ’ ಎಂಬ ಹೆಸರು ಕೇಳಿದರೇ ಸಾಕು, ಕತ್ತಲಲ್ಲಿ ಹಿತ್ತಲಿಗೆ ಹೋಗಲು ಕಾಲು ಬರುವುದಿಲ್ಲ.

ದೊಡ್ಡವರು ಇವನ್ನು ‘ಕೆಟ್ಟ ಓದು’ ಎಂದು ಬೈಯುತ್ತಿದ್ದರು. ಪಠ್ಯಪುಸ್ತಕದ ನಡುವೆ ಬಚ್ಚಿಟ್ಟು ಓದುವ ಮಕ್ಕಳೂ ಇದ್ದರು. ಸರಳ ಮಾತು, ಚಿಕ್ಕ ವಾಕ್ಯ, ‘ಮುಂದೇನಾಯಿತು?’ ಎಂಬ ಕುತೂಹಲ. ಅಕ್ಷರ ಕೂಡಿಸಿ ಓದುವವರೂ ಪುಸ್ತಕ ಮುಗಿಸದೆ ಕೆಳಗಿಡುತ್ತಿರಲಿಲ್ಲ. ನಮ್ಮ ಯಲ್ದೂರಿನ ಕಡೆ ಎಷ್ಟೋ ಮನೆಗಳಲ್ಲಿ ಆಡುವ ಮಾತು ತೆಲುಗು, ಶಾಲೆಯಲ್ಲಿ ಕಲಿಯುವುದು ಕನ್ನಡ. ಇಂಥ ಕಡೆ ಕನ್ನಡ ಓದು ನಾಲಗೆಗೆ ಹತ್ತಬೇಕಾದರೆ ಹೀಗೆ ಹಿಡಿದು ಕೂರಿಸುವ ಕಥೆಯೇ ಬೇಕು.

2011ರಲ್ಲಿ ನರಸಿಂಹಯ್ಯನವರು ತೀರಿಕೊಂಡರು. ಈಗ ಅವರ ಪುಸ್ತಕಗಳು ಅಂಗಡಿಯಲ್ಲಿ ಸುಲಭವಾಗಿ ಸಿಗುವುದಿಲ್ಲ. ಅಗ್ಗದ ಕಾಗದ ಹಳದಿಯಾಗಿ ಪುಡಿಯಾಗುತ್ತದೆ. ಕೈಯಿಂದ ಕೈಗೆ ಓಡಾಡಿದ ಪುಸ್ತಕದಲ್ಲಿ ಮೊದಲು ಕಳಚುವುದು ಕೊನೆಯ ಹಾಳೆ. ಅದು ಹೋದರೆ ಕೊಲೆಗಾರ ಯಾರೆಂದು ಹೇಳುವವರು ಯಾರು?

ಅಜ್ಜಿ-ತಾತಂದಿರೇ, ಅಟ್ಟದ ಮೇಲಿನ ಹಳೇ ಟ್ರಂಕನ್ನು ಒಮ್ಮೆ ಇಳಿಸಿ. ಪುಸ್ತಕ ಸಿಕ್ಕರೆ ರದ್ದಿಗೆ ಹಾಕಬೇಡಿ. ಮಕ್ಕಳೇ, ಸಡಿಲವಾದ ಹಾಳೆಗಳನ್ನು ಕ್ರಮವಾಗಿ ಜೋಡಿಸಿ ದಪ್ಪ ಕಾಗದದ ರಟ್ಟು ಹಾಕಿ. ಅಚ್ಚಾದ ವರ್ಷ, ಬೆಲೆ ಬರೆದಿಡಿ. ಕೊನೆಯ ಹಾಳೆ ಇಲ್ಲವೇ? ಚಿಂತೆ ಬೇಡ, ತಾತನಿಗೆ ಕಥೆ ನೆನಪಿದೆಯೇ ಕೇಳಿ. ಆದರೆ ಇವತ್ತೇ ಕೇಳಿ.